ಪೌಷ್ಟಿಕತೆ ಕಾನ್ಫರೆನ್ಸ್‌ಗೆ ಹೋಗಬೇಕು ಅಂತಿದ್ದೇನೆ, ಯಾವುದಕ್ಕೆ ಹೋಗಲಿ?

ಹಾಸನದ ಎಂಎಸ್ಸಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಫುಡ್ ಅಂಡ್ ನ್ಯೂಟ್ರಿಷನ್ ಎಂಎಸ್ಸಿ ಎರಡನೇ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ನಮ್ಮ ತಾಲ್ಲೂಕಿನ ಪಿಯು ಕಾಲೇಜುಗಳ 120 ಹುಡುಗಿಯರ ಹಿಮೋಗ್ಲೋಬಿನ್ ನೋಡಿದ್ದೇನೆ. ಬೆರಳು ಚುಚ್ಚಿ ಡಿಜಿಟಲ್ ಮೀಟರ್‌ನಲ್ಲಿ ನೋಡಿದ್ದು. ಜೊತೆಗೆ ಹಿಂದಿನ ದಿನ ಏನೇನು ತಿಂದರು ಅಂತ 24 ಗಂಟೆಯ ರೀಕಾಲ್ ತೆಗೆದುಕೊಂಡಿದ್ದೇನೆ. ಅರ್ಧಕ್ಕಿಂತ ಜಾಸ್ತಿ ಹುಡುಗಿಯರಿಗೆ ರಕ್ತಹೀನತೆ ಇದೆ ಅಂತ ಬಂತು. ಕಬ್ಬಿಣದ ಅಂಶ ಶಿಫಾರಸು ಮಾಡಿದಷ್ಟು ಸಿಗುವ ಹುಡುಗಿ ಒಬ್ಬಳೂ ಇಲ್ಲ.

ಇದನ್ನು ಎಲ್ಲಾದರೂ ಪ್ರೆಸೆಂಟ್ ಮಾಡು, ಪಿಎಚ್‌ಡಿಗೆ ಅರ್ಜಿ ಹಾಕುವಾಗ ಅನುಕೂಲ ಆಗುತ್ತದೆ ಅಂತ ಗೈಡ್ ಹೇಳಿದ್ದಾರೆ. ಅಷ್ಟರಲ್ಲಿ ನನಗೆ ಒಂದು ಇಮೇಲ್ ಬಂದಿದೆ. ದುಬೈನಲ್ಲಿ ಪೌಷ್ಟಿಕತೆ ಮತ್ತು ಆರೋಗ್ಯದ ವಿಶ್ವ ಸಮ್ಮೇಳನವಂತೆ, ನನ್ನನ್ನು ಸ್ಪೀಕರ್ ಆಗಿ ಕರೆದಿದ್ದಾರೆ, 'ಗೌರವಾನ್ವಿತ ಡಾಕ್ಟರ್' ಅಂತ ಸಂಬೋಧನೆ. ನೋಂದಣಿ ಶುಲ್ಕ ನೂರಾರು ಡಾಲರ್, ವಿಮಾನದ ಖರ್ಚು ನಮ್ಮದೇ. ಅಪ್ಪ ಸಾಲ ಮಾಡಿಯಾದರೂ ಕಳಿಸುತ್ತೇನೆ ಅನ್ನುತ್ತಿದ್ದಾರೆ. ಆದರೆ ನನಗೆ ಧೈರ್ಯ ಬರುತ್ತಿಲ್ಲ.

ಇದಕ್ಕೆ ಹೋಗಬಹುದಾ? ಇಲ್ಲದಿದ್ದರೆ ನನ್ನಂಥವರು ಯಾವುದಕ್ಕೆ ಹೋಗಬೇಕು? ಕಾನ್ಫರೆನ್ಸ್ ಒಳ್ಳೆಯದಾ, ವರ್ಕ್‌ಶಾಪ್ ಒಳ್ಳೆಯದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಬೆಂಗ್ಳೂರು ಲ್ಯಾಬ್:

ದುಬೈ ಬಿಡಿ. ಅಪ್ಪನಿಗೂ ಇವತ್ತೇ ಹೇಳಿಬಿಡಿ, ಸಾಲದ ಮಾತು ಬೇಡ.

ನೀವು ಅಬ್‌ಸ್ಟ್ರಾಕ್ಟ್ (ಸಂಶೋಧನೆಯ ಚಿಕ್ಕ ಸಾರಾಂಶ) ಕಳಿಸಿಲ್ಲ, ಪೇಪರ್ ಬರೆದಿಲ್ಲ, ಇನ್ನೂ ಎಂಎಸ್ಸಿ ಮುಗಿದಿಲ್ಲ. ಹಾಗಿರುವಾಗ ಸ್ಪೀಕರ್ ಆಗಿ ಬನ್ನಿ ಅಂತ ಯಾರಾದರೂ ಕರೆದರೆ ಅವರಿಗೆ ಬೇಕಿರುವುದು ನಿಮ್ಮ ಶುಲ್ಕ ಮಾತ್ರ. ಇಂಥ ಇಮೇಲ್ ನಮ್ಮ ಲ್ಯಾಬ್‌ನಲ್ಲಿ ಎಲ್ಲರಿಗೂ ಬರುತ್ತದೆ, ಮೀನಿನ ಮೇಲೆ ಕೆಲಸ ಮಾಡುವವರಿಗೂ ಹೃದ್ರೋಗ ಸಮ್ಮೇಳನದ ಆಹ್ವಾನ ಬರುತ್ತದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಇಂಥದ್ದೊಂದಕ್ಕೆ ದುಡ್ಡು ಕಟ್ಟಿ ಹೋಗಿದ್ದರು. ಹೋಟೆಲ್‌ನ ಒಂದು ಹಾಲ್, ಅದರಲ್ಲೇ ಪೌಷ್ಟಿಕತೆ, ದಂತವೈದ್ಯ, ನರ್ಸಿಂಗ್ ಎಲ್ಲ ಸೇರಿಸಿ ಒಂದೇ ಕಾರ್ಯಕ್ರಮ. ಮುಖ್ಯ ಭಾಷಣಕ್ಕೆ ಹೆಸರು ಹಾಕಿದ್ದವರು ಯಾರೂ ಬಂದಿರಲಿಲ್ಲ. ಇವರು ಮಾತಾಡಿ ಮುಗಿಸಿದಾಗ ಒಂದು ಪ್ರಶ್ನೆಯೂ ಬರಲಿಲ್ಲವಂತೆ, ಕೇಳುತ್ತಿದ್ದವರಲ್ಲಿ ಯಾರಿಗೂ ಆ ವಿಷಯ ಗೊತ್ತಿರಲಿಲ್ಲ.

ಇದು ಸಣ್ಣ ವ್ಯವಹಾರ ಅಂದುಕೊಳ್ಳಬೇಡಿ. ಹೈದರಾಬಾದ್ ಮೂಲದ ಓಮಿಕ್ಸ್ ಕಂಪನಿಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ಕೇಸ್ ಹಾಕಿತು. ಹೆಸರಾಂತ ವಿಜ್ಞಾನಿಗಳು ಒಪ್ಪದೇ ಇದ್ದರೂ ಅವರು ನಮ್ಮ ಸಮ್ಮೇಳನಕ್ಕೆ ಬರುತ್ತಾರೆ ಅಂತ ಪ್ರಚಾರ ಮಾಡಿದ್ದು ಆ ಕೇಸ್‌ನ ಆರೋಪಗಳಲ್ಲಿ ಒಂದು. 2019ರಲ್ಲಿ ಅಲ್ಲಿನ ಕೋರ್ಟ್ 5 ಕೋಟಿ ಡಾಲರ್‌ಗಿಂತ ಜಾಸ್ತಿ ಕಟ್ಟಬೇಕು ಅಂತ ತೀರ್ಪು ಕೊಟ್ಟಿತು.

ಹಾಗಾದರೆ ಯಾವುದು ನಂಬಬಹುದು? ನಾನು ಮೊದಲು ನೋಡುವುದು ಸಮ್ಮೇಳನವನ್ನು ಯಾರು ನಡೆಸುತ್ತಿದ್ದಾರೆ ಅಂತ. ಸದಸ್ಯರಿರುವ ವೃತ್ತಿ ಸಂಘವೋ, ವಿಶ್ವವಿದ್ಯಾಲಯವೋ, ಸಂಶೋಧನಾ ಸಂಸ್ಥೆಯೋ ಆಗಿರಬೇಕು. ಆಮೇಲೆ ಹೋದ ವರ್ಷದ ಕಾರ್ಯಕ್ರಮ ಪಟ್ಟಿ ಹುಡುಕಿ. ನಿಮ್ಮ ಪ್ರಾಜೆಕ್ಟ್‌ನಲ್ಲಿ ನೀವು ಓದಿದ ಪೇಪರ್‌ಗಳ ಲೇಖಕರು ಅಲ್ಲಿದ್ದಾರಾ ನೋಡಿ. ಇದ್ದರೆ ಅದೇ ನಿಮ್ಮ ಜಾಗ.

ನಿಮ್ಮ ಕೆಲಸಕ್ಕೆ ಸರಿಯಾಗಿ ಹೊಂದುವುದು ನ್ಯೂಟ್ರಿಷನ್ ಸೊಸೈಟಿ ಆಫ್ ಇಂಡಿಯಾದ ವಾರ್ಷಿಕ ಸಮ್ಮೇಳನ. ಎನ್‌ಎಸ್‌ಐ ಅಂತ ಕರೆಯುತ್ತಾರೆ. ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ, ಅಂದರೆ ಎನ್‌ಐಎನ್ ಜೊತೆಗೇ ಬೆಳೆದ ಸಂಘ ಅದು. ಎನ್‌ಐಎನ್ ಶುರುವಾಗಿದ್ದು 1918ರಲ್ಲಿ, ಕೂನೂರಿನ ಪಾಶ್ಚರ್ ಇನ್‌ಸ್ಟಿಟ್ಯೂಟ್‌ನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಒಂದು ಕೋಣೆಯಲ್ಲಿ ಬೆರಿಬೆರಿ ಬಗ್ಗೆ ಕೆಲಸ ಮಾಡುತ್ತಿದ್ದಾಗ. ಹೈದರಾಬಾದ್‌ಗೆ ಬಂದದ್ದು 1958ರಲ್ಲಿ. ಎನ್‌ಎಸ್‌ಐ ಸಮ್ಮೇಳನದಲ್ಲಿ ಗೋಪಾಲನ್ ಹೆಸರಿನ ಭಾಷಣ, ಶ್ರೀಕಂಠಯ್ಯ ಹೆಸರಿನ ಭಾಷಣ ಅಂತ ಇರುತ್ತವೆ, ಇಬ್ಬರೂ ಎನ್‌ಐಎನ್ ನಿರ್ದೇಶಕರಾಗಿದ್ದವರು. ಅವನ್ನು ಕೇಳಿ. ಆದರೆ ನಿಮಗೆ ನಿಜವಾದ ಲಾಭ ಇರುವುದು ಪೋಸ್ಟರ್ ಹಾಲ್‌ನಲ್ಲಿ. ಸಮುದಾಯ ಪೋಷಣೆ, ಕ್ಲಿನಿಕಲ್, ಪ್ರಾಯೋಗಿಕ ಅಂತ ವಿಭಾಗ ಮಾಡಿರುತ್ತಾರೆ. ನಿಮ್ಮದು ಮೊದಲನೆಯದು. ಹತ್ತಾರು ವರ್ಷ ಹಳ್ಳಿಗಳಲ್ಲಿ ಸರ್ವೆ ಮಾಡಿದವರು ಬಂದು ನಿಮ್ಮ ಪೋಸ್ಟರ್ ಮುಂದೆ ನಿಂತು ಒಂದೊಂದು ಅಂಕಿ ಹಿಡಿದು ಕೇಳುತ್ತಾರೆ. ಅದು ಯಾವ ವಿಶ್ವ ಸಮ್ಮೇಳನದಲ್ಲೂ ದುಡ್ಡು ಕೊಟ್ಟು ಸಿಗುವುದಿಲ್ಲ.

ಸರ್ವೆ ಮೇಷ್ಟ್ರು:

ಮೇಲಿನವರು ಹೇಳಿದ್ದು ಸರಿ. ಆದರೆ ನನ್ನ ಅಭಿಪ್ರಾಯದಲ್ಲಿ ನೀವು ಮೊದಲು ಹೋಗಬೇಕಾದ್ದು ಸಮ್ಮೇಳನಕ್ಕಲ್ಲ, ಒಂದು ಒಳ್ಳೆ ವರ್ಕ್‌ಶಾಪ್‌ಗೆ. ನಿಮ್ಮ ಡೇಟಾ ನೋಡಿಯೇ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಹಿಮೋಗ್ಲೋಬಿನ್. ಬೆರಳು ಚುಚ್ಚಿದಾಗ ಬರುವ ಮೊದಲ ಹನಿಯನ್ನು ಒರೆಸಿದ್ದೀರಾ? ಕೈ ತಣ್ಣಗಿದ್ದ ಹುಡುಗಿಯರ ಬೆರಳನ್ನು ಹಿಂಡಿ ರಕ್ತ ತೆಗೆದಿದ್ದೀರಾ? ಹಿಂಡಿದರೆ ರಕ್ತದ ಜೊತೆ ಊತಕದ ದ್ರವವೂ ಸೇರುತ್ತದೆ, ರೀಡಿಂಗ್ ಕಮ್ಮಿ ಬರುತ್ತದೆ. 12.1 ಇರಬೇಕಾದದ್ದು 11.6 ಅಂತ ಬಂದರೆ ಆ ಹುಡುಗಿ ನಿಮ್ಮ ಪಟ್ಟಿಯಲ್ಲಿ ರಕ್ತಹೀನತೆ ಇರುವವಳಾಗಿಬಿಡುತ್ತಾಳೆ, ಯಾಕೆಂದರೆ ಗಡಿ ಇರುವುದೇ 100 ಮಿಲಿ ರಕ್ತಕ್ಕೆ 12 ಗ್ರಾಂನಲ್ಲಿ. ಈ ವಾದ ದೇಶದ ಮಟ್ಟದಲ್ಲೇ ನಡೆಯುತ್ತಿದೆ. ಬೆರಳಿನ ರಕ್ತ ನೋಡುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ ಎನ್‌ಎಫ್‌ಎಚ್‌ಎಸ್‌ನ ಐದನೇ ಸುತ್ತಿನಲ್ಲಿ, ಅಂದರೆ 2019-21ರಲ್ಲಿ, 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಸುಮಾರು ಶೇ 59ರಷ್ಟು ಜನರಿಗೆ ರಕ್ತಹೀನತೆ ಅಂತ ಬಂತು. ರಕ್ತನಾಳದಿಂದಲೇ ರಕ್ತ ತೆಗೆದು ಲ್ಯಾಬ್‌ನಲ್ಲಿ ನೋಡಿದ 2016-18ರ ಸಿಎನ್‌ಎನ್‌ಎಸ್ (ಮಕ್ಕಳು, ಹದಿಹರೆಯದವರ ಪೋಷಣೆಯ ರಾಷ್ಟ್ರೀಯ ಸಮೀಕ್ಷೆ) ಸಮೀಕ್ಷೆಯಲ್ಲಿ 10ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಅದು ಸುಮಾರು ಶೇ 40. ವಯಸ್ಸು ಬೇರೆ, ವರ್ಷ ಬೇರೆ, ಒಪ್ಪುತ್ತೇನೆ. ಆದರೂ ಅಷ್ಟು ದೊಡ್ಡ ಅಂತರಕ್ಕೆ ರಕ್ತ ತೆಗೆಯುವ ಕ್ರಮವೂ ಒಂದು ಕಾರಣ ಅಂತ ಹೇಳುವವರು ತುಂಬ ಜನ ಇದ್ದಾರೆ. ನಿಮ್ಮ ಪೋಸ್ಟರ್ ಮುಂದೆ ನಿಲ್ಲುವವರು ಕೇಳುವ ಮೊದಲ ಪ್ರಶ್ನೆ ಇದೇ.

ಎರಡನೆಯದು, ಶಿಫಾರಸಿನಷ್ಟು ಕಬ್ಬಿಣ ಯಾರಿಗೂ ಸಿಗುತ್ತಿಲ್ಲ ಅಂದಿರಲ್ಲ, ನೀವು ಹೋಲಿಸಿದ್ದು ಆರ್‌ಡಿಎ ಜೊತೆ ಅಲ್ವಾ? ಆರ್‌ಡಿಎ ಅಂದರೆ ಹೆಚ್ಚುಕಡಿಮೆ ಎಲ್ಲರ ಅಗತ್ಯವನ್ನೂ ಮುಟ್ಟುವ ಹಾಗೆ ಮೇಲಿಟ್ಟ ಅಂಕಿ. ಒಂದು ಗುಂಪಿನಲ್ಲಿ ಎಷ್ಟು ಜನರಿಗೆ ಸಾಲುತ್ತಿಲ್ಲ ಅಂತ ಹೇಳುವುದಕ್ಕೆ ಬಳಸಬೇಕಾದ್ದು ಇಎಆರ್, ಅಂದರೆ ಸರಾಸರಿ ಅಗತ್ಯ. ಐಸಿಎಂಆರ್-ಎನ್‌ಐಎನ್ 2020ರ ಪುಸ್ತಕದಲ್ಲಿ ವಯಸ್ಕ ಹೆಂಗಸರಿಗೆ ಕಬ್ಬಿಣದ ಆರ್‌ಡಿಎ ದಿನಕ್ಕೆ 29 ಮಿಲಿಗ್ರಾಂ, ಇಎಆರ್ 15 ಮಿಲಿಗ್ರಾಂ. ಎಷ್ಟು ವ್ಯತ್ಯಾಸ ನೋಡಿ! ಹದಿಹರೆಯದವರಿಗೆ ಬೇರೆ ಸಾಲು ಇದೆ, ಅದನ್ನು ತೆಗೆದು ಮತ್ತೆ ಲೆಕ್ಕ ಹಾಕಿ. ಅದರಲ್ಲೂ ಕಬ್ಬಿಣದ ವಿಷಯದಲ್ಲಿ ಮುಟ್ಟಾಗುವ ಹುಡುಗಿಯರ ಅಗತ್ಯ ಒಬ್ಬರಿಂದ ಒಬ್ಬರಿಗೆ ತುಂಬ ಏರುಪೇರು, ಹಾಗಾಗಿ ಆ ಲೆಕ್ಕಕ್ಕೆ ಬೇರೆ ವಿಧಾನ ಇದೆ. ಇದನ್ನೆಲ್ಲ ಪುಸ್ತಕ ಓದಿ ಕಲಿಯುವುದು ಕಷ್ಟ, ವರ್ಕ್‌ಶಾಪ್‌ನಲ್ಲಿ ಒಂದು ಮಧ್ಯಾಹ್ನ ಕೂತರೆ ಕೈಗೆ ಬರುತ್ತದೆ.

ಇನ್ನು ರೀಕಾಲ್. ಎನ್‌ಐಎನ್‌ನವರ ಡಯಟ್ ಸರ್ವೆ ತರಬೇತಿಯ ಕ್ರಮ ಹೀಗಿದೆ: ನಿಗದಿತ ಅಳತೆಯ ಬಟ್ಟಲುಗಳ ಸೆಟ್ ಕೊಡುತ್ತಾರೆ. ಮನೆಗೆ ಹೋಗಿ 'ನಿನ್ನೆ ಸಾರು ಎಷ್ಟು ಹಾಕಿಕೊಂಡೆ' ಅಂತ ಕೇಳಿದರೆ ಸಾಲುವುದಿಲ್ಲ. ಅಡುಗೆ ಮಾಡಿದವರನ್ನು ಕರೆದು, ಬೇಳೆ ಎಷ್ಟು ಹಾಕಿದಿರಿ, ಸೊಪ್ಪು ಎಷ್ಟು, ಎಣ್ಣೆ ಎಷ್ಟು, ಕುದಿಸಿ ಇಳಿಸಿದಾಗ ಒಟ್ಟು ಸಾರು ಯಾವ ಪಾತ್ರೆಯಲ್ಲಿ ಎಲ್ಲಿವರೆಗೆ ಇತ್ತು, ಅದರಲ್ಲಿ ಈ ಹುಡುಗಿಗೆ ಯಾವ ಬಟ್ಟಲಿನಲ್ಲಿ ಎಷ್ಟು ಅಂತ ಒಂದೊಂದಾಗಿ ಕೇಳಬೇಕು. ಅಲ್ಲಿಂದ ಹಸಿ ಪದಾರ್ಥದ ತೂಕಕ್ಕೆ ಬರಬೇಕು. ನಮ್ಮ ಕಡೆ ಮುದ್ದೆಯದ್ದೇ ದೊಡ್ಡ ತೊಂದರೆ. ಒಂದು ಮುದ್ದೆ ಅಂದರೆ ಹಾಸನದಲ್ಲಿ ಒಂದು ಗಾತ್ರ, ಮಂಡ್ಯದಲ್ಲಿ ಇನ್ನೊಂದು, ಅದೇ ಮನೆಯಲ್ಲಿ ಅಪ್ಪನಿಗೆ ಮಗಳಿಗೆ ಬೇರೆ ಬೇರೆ. ಹಿಟ್ಟು ಎಷ್ಟು ಹಾಕಿದರು, ಎಷ್ಟು ಮುದ್ದೆ ಆಯಿತು ಅಂತ ತೂಕ ಹಾಕಿ ನೋಡದಿದ್ದರೆ ರಾಗಿಯಿಂದ ಬರುವ ಕಬ್ಬಿಣ, ಕ್ಯಾಲ್ಸಿಯಂ ಯಾವುದೂ ಸರಿ ಬರುವುದಿಲ್ಲ. ಆಮೇಲೆ ಪೋಷಕಾಂಶದ ಲೆಕ್ಕಕ್ಕೆ 2017ರ ಇಂಡಿಯನ್ ಫುಡ್ ಕಾಂಪೊಸಿಷನ್ ಟೇಬಲ್ಸ್ ಬಳಸಿ, ಅದರಲ್ಲಿ 528 ಆಹಾರಗಳಿವೆ. ಹಳೆಯ ಪುಸ್ತಕದ ಅಂಕಿ ಬಳಸಿದ್ದರೆ ಈಗಲೇ ಬದಲಿಸಿ.

ಚಿಕ್ಕ ಮಕ್ಕಳ ಎತ್ತರ, ತೂಕ ಅಳೆಯುವ ವರ್ಕ್‌ಶಾಪ್ ಸಿಕ್ಕರೆ ಅದಕ್ಕೂ ಹೋಗಿ. ಒಂದೇ ಮಕ್ಕಳ ಗುಂಪನ್ನು ಎಲ್ಲರೂ ಎರಡೆರಡು ಸಲ ಅಳೆಯುತ್ತಾರೆ. ಮೊದಲ ಸಲದ ಅಂಕಿಯನ್ನು ಕಿತ್ತಿಟ್ಟುಕೊಂಡಿರುತ್ತಾರೆ, ನೋಡಿಕೊಂಡು ಬರೆಯುವ ಹಾಗಿಲ್ಲ. ಸಂಜೆ ಪ್ರತಿಯೊಬ್ಬರ ಎರಡು ಅಳತೆಗಳ ನಡುವಿನ ವ್ಯತ್ಯಾಸವನ್ನು ಎಲ್ಲರ ಮುಂದೆ ಗೋಡೆಗೆ ಹಾಕುತ್ತಾರೆ. ಅಲ್ಲಿ ಗೊತ್ತಾಗುತ್ತದೆ, ಮಗುವಿನ ಮಂಡಿ ಒತ್ತಿ ಹಿಡಿಯದಿದ್ದರೆ ಉದ್ದದಲ್ಲಿ ಎಷ್ಟು ಸೆಂಟಿಮೀಟರ್ ತಪ್ಪುತ್ತದೆ ಅಂತ. ಕುಳ್ಳು ಮಗು ಯಾವುದು, ಅಲ್ಲದ್ದು ಯಾವುದು ಅಂತ ತೀರ್ಮಾನ ಆಗುವುದು ಅದೇ ಸೆಂಟಿಮೀಟರ್‌ನಲ್ಲಿ.

ಡಯಟಿಷಿಯನ್ ಅಕ್ಕ:

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಸಂಶೋಧನೆಯವಳಲ್ಲ. ನನ್ನ ಕಡೆಯಿಂದ ಒಂದೇ ಮಾತು. ಸಮ್ಮೇಳನಕ್ಕೆ ಹೋದಾಗ ಬ್ಯಾಗ್ ಮೇಲೆ, ಊಟದ ಹಾಲ್‌ನಲ್ಲಿ, ವೇದಿಕೆಯ ಹಿಂದೆ ಯಾರ ಹೆಸರಿದೆ ನೋಡಿ. ದುಡ್ಡು ಯಾರದ್ದು ಅಂತ ಗೊತ್ತಾದರೆ ಯಾವ ಭಾಷಣವನ್ನು ಎಷ್ಟು ನಂಬಬೇಕು ಅಂತಲೂ ಗೊತ್ತಾಗುತ್ತದೆ.

ಒಂದು ಕಡೆ ನಾನು ಹೋಗಿದ್ದಾಗ ಮಕ್ಕಳ ಆಹಾರದ ಬಗ್ಗೆ ಸೆಷನ್ ಇತ್ತು. ಹಾಲಿನ ಪುಡಿ ಮಾಡುವ ಕಂಪನಿಯ ಸ್ಟಾಲ್ ಬಾಗಿಲಲ್ಲೇ. ಅಲ್ಲಿದ್ದ ಹುಡುಗ ನಮ್ಮೆಲ್ಲರಿಗೂ ಡೈರಿ, ಪೆನ್, ಸ್ಯಾಂಪಲ್ ಹಂಚುತ್ತಿದ್ದ. ತಾಯಂದಿರಿಗೆ ಎದೆಹಾಲಿನ ಬಗ್ಗೆ ದಿನವೂ ಹೇಳುವ ನಾವೇ ಆ ಡೈರಿ ಹಿಡಿದುಕೊಂಡು ಓಡಾಡಿದರೆ ಹೇಗೆ? ನನಗೆ ತುಂಬ ಸಿಟ್ಟು ಬಂತು, ಸಂಘಟಕರಿಗೆ ಹೋಗಿ ಹೇಳಿದೆ, ಅವರು ನಕ್ಕು ಸುಮ್ಮನಾದರು. ಇದು ಬರೀ ಶಿಷ್ಟಾಚಾರದ ಪ್ರಶ್ನೆ ಅಲ್ಲ, ಕಾನೂನೇ ಇದೆ. ನಮ್ಮ ದೇಶದಲ್ಲಿ ಶಿಶು ಆಹಾರ, ಹಾಲಿನ ಪುಡಿ, ಬಾಟಲಿಗಳ ಮಾರಾಟ-ಪ್ರಚಾರವನ್ನು ನಿಯಂತ್ರಿಸುವ 1992ರ ಐಎಂಎಸ್ ಕಾಯ್ದೆ ಇದೆ, 2003ರಲ್ಲಿ ತಿದ್ದುಪಡಿ ಮಾಡಿ ಇನ್ನೂ ಬಿಗಿ ಮಾಡಿದರು. ಶಿಶು ಆಹಾರ ತಯಾರಿಸುವವರು ಆರೋಗ್ಯ ಕಾರ್ಯಕರ್ತರಿಗೆ ಅಥವಾ ಅವರ ಸಂಘಗಳಿಗೆ ಸೆಮಿನಾರ್, ಸಮ್ಮೇಳನ, ಫೆಲೋಶಿಪ್, ಸಂಶೋಧನೆ ಅಂತ ದುಡ್ಡು ಕೊಡುವ ಹಾಗೇ ಇಲ್ಲ. ಇದು ಗೊತ್ತಿಲ್ಲದ ಡಾಕ್ಟರ್‌ಗಳು, ಡಯಟಿಷಿಯನ್‌ಗಳು ಎಷ್ಟೋ ಜನ ಇದ್ದಾರೆ. ನೀವು ಈಗಷ್ಟೇ ಈ ಕ್ಷೇತ್ರಕ್ಕೆ ಬರುತ್ತಿದ್ದೀರಿ, ಅದಕ್ಕೇ ಹೇಳಿದೆ.

ಮುಂದೆ ಆಸ್ಪತ್ರೆ ಕೆಲಸದ ಯೋಚನೆ ಇದ್ದರೆ ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ಸಭೆಗಳಿಗೂ ಬನ್ನಿ. ಬೆಂಗಳೂರಿನಲ್ಲೂ ಅದರ ಶಾಖೆ ಇದೆ.

ಮಿಷಿಗನ್ ಕನ್ನಡಿಗ:

ಹೊರದೇಶದ ಸಮ್ಮೇಳನಕ್ಕೆ ಹೋಗಲೇಬಾರದು ಅಂತ ಯಾರೂ ಅರ್ಥ ಮಾಡಿಕೊಳ್ಳಬೇಡಿ. ಪೋಷಣಾ ವಿಜ್ಞಾನಗಳ ಅಂತರರಾಷ್ಟ್ರೀಯ ಒಕ್ಕೂಟ ಐಯುಎನ್‌ಎಸ್ ನಡೆಸುವ ಇಂಟರ್‌ನ್ಯಾಷನಲ್ ಕಾಂಗ್ರೆಸ್ ಆಫ್ ನ್ಯೂಟ್ರಿಷನ್ ಇದೆ, 2017ರಲ್ಲಿ ಬ್ಯೂನಸ್ ಐರಿಸ್, ಕೋವಿಡ್‌ನಿಂದ ಒಂದು ವರ್ಷ ಮುಂದೆ ಹೋಗಿ 2022ರಲ್ಲಿ ಟೋಕಿಯೊ, 2025ರಲ್ಲಿ ಪ್ಯಾರಿಸ್. ಅಮೆರಿಕನ್ ಸೊಸೈಟಿ ಫಾರ್ ನ್ಯೂಟ್ರಿಷನ್ ಕೂಡ ಪ್ರತಿ ವರ್ಷ ನಡೆಸುತ್ತದೆ. ಇವೆಲ್ಲ ಗಟ್ಟಿ ಸಮ್ಮೇಳನಗಳು. ಆದರೆ ಎಂಎಸ್ಸಿ ಪ್ರಾಜೆಕ್ಟ್ ಹಿಡಿದುಕೊಂಡು ಸ್ವಂತ ದುಡ್ಡಿನಲ್ಲಿ ಬರುವ ಅಗತ್ಯ ಇಲ್ಲ. ಪಿಎಚ್‌ಡಿಯಲ್ಲಿ ಎರಡು ಮೂರು ವರ್ಷ ಆದ ಮೇಲೆ ಅಬ್‌ಸ್ಟ್ರಾಕ್ಟ್ ಕಳಿಸಿ, ಒಪ್ಪಿದರೆ ಪ್ರಯಾಣ ಭತ್ಯೆಗೆ ಅರ್ಜಿ ಹಾಕಿ. ಸಮ್ಮೇಳನದವರೇ ಕೊಡುವ ಟ್ರಾವೆಲ್ ಅವಾರ್ಡ್ ಇರುತ್ತವೆ, ಭಾರತ ಸರ್ಕಾರದ ಸಂಸ್ಥೆಗಳ ಯೋಜನೆಗಳೂ ಇವೆ. ಸಾಕಷ್ಟು ತಿಂಗಳು ಮುಂಚೆಯೇ ಹಾಕಬೇಕು. ವೀಸಾ ಸಿಗುವುದು ತಡವಾಗಿ ಸಮ್ಮೇಳನವೇ ತಪ್ಪಿಹೋದವರನ್ನು ನಾನು ನೋಡಿದ್ದೇನೆ.

ಬೆಂಗಳೂರಿನಲ್ಲೇ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಇದೆ, ಅಲ್ಲಿ ಏನಾದರೂ ವರ್ಕ್‌ಶಾಪ್ ಅಥವಾ ಸಿಂಪೋಸಿಯಂ ಇದೆಯಾ ಅಂತ ಕಣ್ಣಿಟ್ಟಿರಿ. ಸ್ಥಿರ ಐಸೊಟೋಪ್ (ವಿಕಿರಣ ಸೂಸದ, ದೇಹದಲ್ಲಿ ಜಾಡು ಹಿಡಿಯಬಹುದಾದ ಪರಮಾಣು) ಬಳಸಿ ಪೋಷಣೆಯ ಕೆಲಸ ಮಾಡುವಲ್ಲಿ ಅವರು ಪ್ರಪಂಚಕ್ಕೇ ಗೊತ್ತು. ಲೈಸಿನ್ ಅನ್ನುವ ಅಮೈನೊ ಆಮ್ಲ ದೊಡ್ಡವರಿಗೆ ಎಷ್ಟು ಬೇಕು ಅನ್ನುವ ಲೆಕ್ಕವನ್ನು ದಿನಕ್ಕೆ ದೇಹದ ಕೆಜಿ ತೂಕಕ್ಕೆ 30 ಮಿಲಿಗ್ರಾಂ ಅಂತ 2007ರ ವಿಶ್ವ ಆರೋಗ್ಯ ಸಂಸ್ಥೆ ವರದಿಯಲ್ಲಿ ಮೇಲಕ್ಕೆ ಏರಿಸಿದರಲ್ಲ, ಅದರ ಹಿಂದೆ ಅಲ್ಲಿನ ಅನುರ ಕುರ್ಪಾಡ್ ಮತ್ತು ಎಂಐಟಿಯ ವರ್ನನ್ ಯಂಗ್ ಸೇರಿ ಮಾಡಿದ ಕೆಲಸ ಇದೆ. ಅಕ್ಕಿ, ಗೋಧಿ ಜಾಸ್ತಿ ತಿಂದು ಬೇಳೆ, ಹಾಲು ಕಮ್ಮಿ ತಿನ್ನುವ ನಮ್ಮಂಥ ಜನಕ್ಕೆ ಅದು ಬಹಳ ಮುಖ್ಯವಾದ ಅಂಕಿ. ಇಂಥ ಕೆಲಸ ಬಸ್ಸಿನ ದೂರದಲ್ಲಿ ನಡೆಯುತ್ತಿರುವಾಗ ಸಾಲ ಮಾಡಿ ದುಬೈಗೆ ಯಾಕೆ?

ಹಾಸನದ ಎಂಎಸ್ಸಿ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ದುಬೈ ಬೇಡ ಅಂತ ಅಪ್ಪನಿಗೆ ಹೇಳಿದೆ. ಸರ್ವೆ ಮೇಷ್ಟ್ರೇ, ಮೊದಲ ಹನಿ ಒರೆಸಿದ್ದೇವೆ, ಕಾಲೇಜಿನ ಲ್ಯಾಬ್ ಟೆಕ್ನಿಷಿಯನ್ ಅದನ್ನು ಕಟ್ಟುನಿಟ್ಟಾಗಿ ಮಾಡಿಸಿದರು. ಕಬ್ಬಿಣವನ್ನು ಆರ್‌ಡಿಎ ಜೊತೆಗೇ ಹೋಲಿಸಿದ್ದು, ನಮ್ಮ ವಿಭಾಗದ ಹಳೆಯ ಪ್ರಾಜೆಕ್ಟ್‌ಗಳಲ್ಲೆಲ್ಲ ಹಾಗೇ ಇದೆ.

ಇನ್ನೆರಡು ಪ್ರಶ್ನೆ. ರೀಕಾಲ್ ತೆಗೆದದ್ದು ಒಂದೇ ದಿನದ್ದು. ಅಷ್ಟರಲ್ಲಿ ಪೋಸ್ಟರ್ ಮಾಡಬಹುದಾ? ಮತ್ತೆ, ಆ ಹುಡುಗಿಯರು 'ಅಕ್ಕಾ, ನಮ್ಮ ರಿಪೋರ್ಟ್ ಏನಾಯಿತು' ಅಂತ ಕೇಳುತ್ತಿದ್ದಾರೆ. ಅವರಿಗೆ ಸಮ್ಮೇಳನಕ್ಕೆ ಮುಂಚೆ ಹೇಳಬಹುದಾ, ಹೇಳಬಾರದಾ?

ಸರ್ವೆ ಮೇಷ್ಟ್ರು:

ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ಅದು ಕಾಯುವ ವಿಷಯ ಅಲ್ಲ. ಹೇಳಬಹುದು, ಹೇಳಲೇಬೇಕು. ಒಬ್ಬೊಬ್ಬರ ಅಂಕಿ ಅವರವರಿಗೆ ಮಾತ್ರ, ಚೀಟಿಯಲ್ಲಿ ಬರೆದು ಗುಟ್ಟಾಗಿ ಕೊಡಿ, ತರಗತಿಯಲ್ಲಿ ಓದಬೇಡಿ. 8 ಗ್ರಾಂಗಿಂತ ಕಮ್ಮಿ ಇರುವವರು ಯಾರಾದರೂ ಇದ್ದರೆ ಇವತ್ತೇ ಗೈಡ್‌ಗೆ ಹೇಳಿ, ಮನೆಯವರ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಅದು ತೀವ್ರ ರಕ್ತಹೀನತೆ. ಉಳಿದವರಿಗೂ ಅಲ್ಲಿ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಸಿಗುತ್ತದೆ. ಕನ್ನಡದಲ್ಲಿ ಒಂದು ಪುಟ ಬರೆದು ಪ್ರಿನ್ಸಿಪಾಲರಿಗೂ ಕೊಡಿ, ಅದರಲ್ಲಿ ಯಾರ ಹೆಸರೂ ಇರಬಾರದು. ರಕ್ತ ಕೊಟ್ಟವರಿಗೆ ಫಲಿತಾಂಶ ಮುಟ್ಟದೆ ಅದು ಹೈದರಾಬಾದ್‌ನ ಗೋಡೆ ಮೇಲೆ ಹೋಗುವುದು ನನಗೆ ಒಂಚೂರೂ ಇಷ್ಟ ಇಲ್ಲ.

ಒಂದು ದಿನದ ರೀಕಾಲ್ ಬಗ್ಗೆ: ಗುಂಪಿನ ಸರಾಸರಿ ಹೇಳಬಹುದು. ಒಬ್ಬೊಬ್ಬ ಹುಡುಗಿಯ ಬಗ್ಗೆ ಏನೂ ಹೇಳುವ ಹಾಗಿಲ್ಲ. ಸೋಮವಾರ ಸೊಪ್ಪು ತಿಂದವಳು ಮಂಗಳವಾರ ಬರೀ ಅನ್ನ-ತಿಳಿಸಾರು ತಿಂದಿರಬಹುದು. ಹಾಗಾಗಿ 'ಕಬ್ಬಿಣ ಕಮ್ಮಿ ತಿಂದ ಹುಡುಗಿಯರಿಗೇ ಹಿಮೋಗ್ಲೋಬಿನ್ ಕಮ್ಮಿ' ಅಂತ ಗ್ರಾಫ್ ಹಾಕಬೇಡಿ, ಅದು ನಿಲ್ಲುವುದಿಲ್ಲ. ಸಮಯ ಇದ್ದರೆ ಮೂವತ್ತು ನಲವತ್ತು ಹುಡುಗಿಯರಿಗೆ ಇನ್ನೊಂದು ದಿನದ ರೀಕಾಲ್ ತೆಗೆಯಿರಿ, ಭಾನುವಾರದ ಊಟವೂ ಬರುವ ಹಾಗೆ ನೋಡಿಕೊಳ್ಳಿ. ಅಷ್ಟಿದ್ದರೆ ದಿನದಿಂದ ದಿನಕ್ಕೆ ಆಗುವ ವ್ಯತ್ಯಾಸವನ್ನು ತೆಗೆದುಹಾಕಿ ಲೆಕ್ಕ ಮಾಡುವ ದಾರಿ ಇದೆ.

ಬೆಂಗ್ಳೂರು ಲ್ಯಾಬ್:

ಪೋಸ್ಟರ್ ಬಗ್ಗೆ ಸ್ವಲ್ಪ. ಅಬ್‌ಸ್ಟ್ರಾಕ್ಟ್ ಕೊನೆ ದಿನಾಂಕ ಸಮ್ಮೇಳನಕ್ಕಿಂತ ಬಹಳ ಮುಂಚೆಯೇ ಮುಗಿದುಹೋಗುತ್ತದೆ, ಅವರ ಪ್ರಕಟಣೆ ಬಂದ ದಿನವೇ ಬರೆದಿಟ್ಟುಕೊಳ್ಳಿ. ವಿದ್ಯಾರ್ಥಿಗಳಿಗೆ ಶುಲ್ಕ ಕಮ್ಮಿ ಇರುತ್ತದೆ, ಕಾಲೇಜಿನಿಂದ ಬೋನಫೈಡ್ ಪತ್ರ ಕೇಳುತ್ತಾರೆ. ಪೋಸ್ಟರ್ ಅಳತೆಯನ್ನು ಅವರ ಸೂಚನೆ ನೋಡಿಯೇ ಪ್ರಿಂಟ್ ಮಾಡಿಸಿ. ಬಟ್ಟೆ ಮೇಲೆ ಮಾಡಿಸಿದರೆ ಮಡಚಿ ಬ್ಯಾಗಿಗೆ ಹಾಕಬಹುದು, ರೈಲಿನಲ್ಲಿ ಉದ್ದ ಕೊಳವೆ ಹಿಡಿದುಕೊಂಡು ರಾತ್ರಿಯೆಲ್ಲ ಕೂರಬೇಕಾಗಿಲ್ಲ. ಸಮ್ಮೇಳನ ಹೈದರಾಬಾದ್‌ನಲ್ಲೇ ಇದ್ದರೆ ಕಾಚಿಗೂಡ ಎಕ್ಸ್‌ಪ್ರೆಸ್ ಸಾಕು, ಎನ್‌ಐಎನ್ ಇರುವುದು ತಾರ್ನಾಕಾದಲ್ಲಿ.

ಪೋಸ್ಟರ್‌ನಲ್ಲಿ ಪೀಠಿಕೆ ಕಮ್ಮಿ ಮಾಡಿ, ಭಾರತದಲ್ಲಿ ರಕ್ತಹೀನತೆ ಇದೆ ಅಂತ ಅಲ್ಲಿಗೆ ಬರುವ ಎಲ್ಲರಿಗೂ ಗೊತ್ತು. ಆ ಜಾಗವನ್ನು ನೀವು ಹೇಗೆ ಅಳೆದಿರಿ ಅನ್ನುವುದಕ್ಕೆ ಕೊಡಿ: ಯಾವ ಮೀಟರ್, ಮೊದಲ ಹನಿ ಒರೆಸಿದ್ದು, ರೀಕಾಲ್ ಯಾವ ವಾರದಲ್ಲಿ, ಮುದ್ದೆಯ ತೂಕ ಹೇಗೆ ತೆಗೆದಿರಿ. ಫಲಿತಾಂಶದಲ್ಲಿ ಬರೀ ಶೇಕಡಾ ಹಾಕಬೇಡಿ, ಹಿಮೋಗ್ಲೋಬಿನ್ ಹೇಗೆ ಹರಡಿದೆ ಅಂತ ಒಂದು ಚಿತ್ರ ಹಾಕಿ. 11.5ರಿಂದ 12ರ ನಡುವೆ ಎಷ್ಟು ಹುಡುಗಿಯರಿದ್ದಾರೆ ಅಂತ ಅದರಲ್ಲಿ ಕಾಣುತ್ತದೆ, ಅರ್ಧ ಚರ್ಚೆ ಅದರ ಮೇಲೇ ನಡೆಯುತ್ತದೆ. ಇಎಆರ್ ಲೆಕ್ಕ ಮುಗಿದ ಮೇಲೆ ಕರಡು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.